ಸ್ಪ್ಯಾನಿಷ್‌ನಲ್ಲಿ ‘ಮುಜುಗರ ಆಯ್ತು’ ಅನ್ನೋದು ಹೇಗೆ? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ

ತುಂಗಾತೀರ:
ಸ್ಪ್ಯಾನಿಷ್ ಬಲ್ಲವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಟೀಮಿನಲ್ಲಿ ಕೊಲಂಬಿಯಾದ ಬೊಗೊಟಾದವರು ಇದ್ದಾರೆ, ಮ್ಯಾಡ್ರಿಡ್‌ನವರೂ ಇದ್ದಾರೆ. ವಾರವಿಡೀ ಅವರ ಜೊತೆ ಕಾಲ್. ಇಂಗ್ಲಿಷಿನ ಎಂಬರಾಸ್ಡ್ ಅನ್ನೋದಕ್ಕೆ ‘ಮೆ ದಾ ಬೆರ್ಗ್ವೆನ್ಸಾ’ ಅನ್ನಬೇಕು ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ. ಬೊಗೊಟಾದವರು ಅದು ಭಾರೀ ಮಾತಾಯಿತು, ‘ಮೆ ದಾ ಪೆನಾ’ ಸಾಕು ಅನ್ನುತ್ತಾರೆ. ಅದನ್ನೇ ಮ್ಯಾಡ್ರಿಡ್‌ನವರ ಹತ್ತಿರ ಅಂದರೆ ‘ಯಾಕೆ, ಏನು ಬೇಜಾರು?’ ಅಂತ ಕೇಳುತ್ತಾರೆ. ಡಿಕ್ಷನರಿ ತೆಗೆದರೆ ಬೆರ್ಗ್ವೆನ್ಸಾ ಎದುರಿಗೆ ಶೇಮ್ ಅಂತಲೂ ಇದೆ, ಎಂಬರಾಸ್‌ಮೆಂಟ್ ಅಂತಲೂ ಇದೆ. ಹಾಗಾದರೆ ಲಂಚ ತಗೊಂಡು ಸಿಕ್ಕಿಬಿದ್ದವನಿಗೂ, ಮೈಕ್ ಆನ್ ಇರೋದು ಗೊತ್ತಿಲ್ಲದೆ ಮೀಟಿಂಗಲ್ಲಿ ಮಗುವಿಗೆ ಲಾಲಿ ಹಾಡಿದವನಿಗೂ ಒಂದೇ ಪದವಾ? ಕೇಳಿದವರು ವ್ಯತ್ಯಾಸ ಹೇಗೆ ಹಿಡಿಯುತ್ತಾರೆ?

ಅಡಿಕೆಮರ:
ಬೇರೆ ಏನು ಬೇಕಾದರೂ ಅನ್ನಿ, ‘ಎಂಬರಸಾದಾ’ ಮಾತ್ರ ಅನ್ನಬೇಡಿ. ಅದು ಬಸುರಿ ಅಂತ.

ಹಾಲುಂಡೆ:
ಗಂಡಸರು ಹೇಳಿದರೂ ಹಾಗೇನಾ?

ಅಡಿಕೆಮರ:
ಹೂಂ, ‘ಎಂಬರಸಾದೊ’ ಅಂದರೆ ಬಸುರಿಯಾದ ಗಂಡಸು. ನಮ್ಮ ಬ್ಯಾಚಿನ ಒಬ್ಬ ಹುಡುಗ ಶುರುವಿನಲ್ಲೇ ಹಾಗಂದಿದ್ದ. ಟೀಚರ್ ನಗಲಿಲ್ಲ. ಬೋರ್ಡಿನ ಮೇಲೆ ತುಂಬು ಹೊಟ್ಟೆಯ ಹೆಂಗಸಿನ ಚಿತ್ರ ಬರೆದು, ಪಕ್ಕದಲ್ಲಿ ಪದ ಬರೆದು, ಪಾಠ ಮುಂದುವರಿಸಿದರು. ಮತ್ತೆ ಯಾರೂ ಮರೆಯಲಿಲ್ಲ.

ಪದಕೋಶಪ್ರೇಮಿ:
ಆದರೆ ಎರಡೂ ಒಂದೇ ಬಳ್ಳಿಯ ಪದಗಳು. ಇಂಗ್ಲಿಷರು ಎಂಬರಾಸ್ ಅನ್ನೋದನ್ನು 17ನೇ ಶತಮಾನದಲ್ಲಿ ಫ್ರೆಂಚ್‌ನಿಂದ ತಗೊಂಡರು. ಫ್ರೆಂಚರಿಗೆ ಅದು ಬಂದಿದ್ದು ಸ್ಪ್ಯಾನಿಷ್‌ನ ‘ಎಂಬರಸಾರ್’ ಅನ್ನೋದರಿಂದ. ಹಳೇ ಅರ್ಥ ಅಡ್ಡಿ ಮಾಡೋದು, ತೊಡಕು ಹಾಕೋದು. ಕೈಯಲ್ಲಿ ಕಾಸಿಲ್ಲದವನನ್ನು ಇಂಗ್ಲಿಷಿನಲ್ಲಿ ‘ಫೈನಾನ್ಷಿಯಲಿ ಎಂಬರಾಸ್ಡ್’ ಅನ್ನುತ್ತಾರಲ್ಲ, ಅಲ್ಲಿ ನಾಚಿಕೆ ಏನಿಲ್ಲ, ಆ ತೊಡಕಿನ ಅರ್ಥವೇ ಉಳಿದಿದೆ. ಒಂದೇ ಪದ ಸ್ಪೇನ್‌ನಲ್ಲಿ ಹೊಟ್ಟೆಯ ಕಡೆ ಹೋಯಿತು, ಇಂಗ್ಲೆಂಡಿನಲ್ಲಿ ಮನಸ್ಸಿನ ಕಡೆ. ಇನ್ನೊಂದು ವಿಷಯ, ‘ಸಿತ್ವಾಸಿಯೋನ್ ಎಂಬರಸೋಸಾ’ ಅಂದರೆ ಮುಜುಗರದ ಪರಿಸ್ಥಿತಿ ಅಂತಲೇ ಅರ್ಥ, ಅದರಲ್ಲಿ ಏನೂ ತಪ್ಪಿಲ್ಲ. ಮನುಷ್ಯರ ಬಗ್ಗೆ ಹೇಳುವಾಗ ಮಾತ್ರ ಹುಷಾರು.

ಗ್ವಾದಲಹಾರಾ_ಡೈರಿ:
ಪೆನಾ ವಿಷಯಕ್ಕೆ ಬರೋಣ. ನಾನಿರೋದು ಮೆಕ್ಸಿಕೋದಲ್ಲಿ. ಇಲ್ಲಿ, ಮಧ್ಯ ಅಮೆರಿಕದಲ್ಲಿ, ಕೊಲಂಬಿಯಾ ಕಡೆ ಪೆನಾ ಅಂದರೆ ಸಂಕೋಚ, ಮುಜುಗರ. ‘ಮೆ ದಾ ಪೆನಾ’ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತೆ. ಊಟಕ್ಕೆ ಕೂತು ಎರಡನೇ ಸಲ ಬಡಿಸಿಕೊಳ್ಳೋಕೆ ಹಿಂದೆಮುಂದೆ ನೋಡಿದರೆ ಮನೆಯ ಅಜ್ಜಿ ‘ನೋ ತೆಂಗಾಸ್ ಪೆನಾ’ ಅನ್ನುತ್ತಾರೆ. ನಮ್ಮ ‘ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಹಾಕ್ಕೊಳ್ಳಿ’ ಇದ್ದ ಹಾಗೇ ಇದೆ. ಜಾಸ್ತಿ ಮಾತಾಡದ ನಾಚಿಕೆ ಸ್ವಭಾವದ ಮಗುವಿಗೆ ‘ಪೆನೋಸೊ’ ಅನ್ನುತ್ತಾರೆ. ಬೆರ್ಗ್ವೆನ್ಸಾ ಅನ್ನೋದೂ ಬಳಕೆಯಲ್ಲಿದೆ, ಆದರೆ ಅದು ಬಂತು ಅಂದರೆ ಮಾತಿನ ತೂಕ ಏರಿತು ಅಂತ. ‘ನೋ ತೆ ದಾ ಬೆರ್ಗ್ವೆನ್ಸಾ?’ ಅಂತ ಅಮ್ಮ ಕೇಳಿದರೆ ಮಗು ಏನೋ ಕಿತಾಪತಿ ಮಾಡಿದೆ ಅಂತ ಅರ್ಥ.

ಮ್ಯಾಡ್ರಿಡ್_ಮೇಘನಾ:
ಸ್ಪೇನ್‌ನಲ್ಲಿ ಇದು ಪೂರ್ತಿ ಉಲ್ಟಾ. ಇಲ್ಲಿ ಪೆನಾ ಅಂದರೆ ದುಃಖ, ಅಯ್ಯೋ ಪಾಪ ಅನ್ನೋ ಭಾವ. ಬೀದಿ ನಾಯಿಮರಿ ಮಳೆಯಲ್ಲಿ ನೆನೆಯುತ್ತಿದ್ದರೆ ‘ಮೆ ದಾ ಪೆನಾ’. ‘ಪೆನೋಸೊ’ ಅಂದರೆ ತೀರಾ ಕಳಪೆ, ನೋಡೋಕಾಗದ ಸ್ಥಿತಿ. ನಿಮ್ಮ ಮ್ಯಾಡ್ರಿಡ್ ಗೆಳೆಯರು ‘ಏನು ಬೇಜಾರು’ ಅಂತ ಕೇಳಿದ್ದು ಸಹಜ. ಸಣ್ಣಪುಟ್ಟ ಸಂಕೋಚಕ್ಕೆ ಇಲ್ಲಿ ‘ಮೆ ದಾ ಕೋರ್ತೆ’ ಅನ್ನುತ್ತಾರೆ, ಅದರಲ್ಲೂ ಹುಡುಗರು. ಗುರುತಿಲ್ಲದವರಿಗೆ ಫೋನ್ ಮಾಡೋಕೆ, ತುಂಬಿದ ಅಂಗಡಿಯಲ್ಲಿ ಚೌಕಾಸಿ ಮಾಡೋಕೆ, ಅಂಥದ್ದಕ್ಕೆಲ್ಲ.

ಇನ್ನೊಂದು ಹೇಳಲೇಬೇಕು. ನಾಲ್ಕಾರು ಜನ ಬಾರಿನಲ್ಲಿ ಕೂತು ಒಂದು ತಟ್ಟೆ ಕ್ರೊಕೇತಾ (ಎಣ್ಣೆಯಲ್ಲಿ ಕರಿದ ತಿಂಡಿ) ತರಿಸುತ್ತಾರೆ ಅನ್ನಿ. ಬಿಸಿಬಿಸಿ ಇರುವಾಗ ಎಲ್ಲರ ಕೈಯೂ ತಟ್ಟೆಯಲ್ಲೇ. ಕೊನೆಯ ಒಂದು ಉಳಿಯುತ್ತೆ. ಆಮೇಲೆ ಯಾರೂ ಮುಟ್ಟುವುದಿಲ್ಲ. ಮಾತು ನಡೆಯುತ್ತಲೇ ಇರುತ್ತೆ, ಕಣ್ಣು ಮಾತ್ರ ಆಗಾಗ ಆ ಕಡೆ ಹೋಗಿ ಬರುತ್ತೆ, ಕ್ರೊಕೇತಾ ತಣ್ಣಗಾಗಿ ಎಣ್ಣೆ ಬಿಟ್ಟಿರುತ್ತೆ. ಅದಕ್ಕೆ ಹೆಸರೇ ಇದೆ, ‘ಲಾ ದೆ ಲಾ ಬೆರ್ಗ್ವೆನ್ಥಾ’, ನಾಚಿಕೆಯ ತುಂಡು. (ಬೆರ್ಗ್ವೆನ್ಸಾವನ್ನೇ ಇಲ್ಲಿ ಬೆರ್ಗ್ವೆನ್ಥಾ ಅನ್ನುತ್ತಾರೆ.) ಕೊನೆಗೆ ಯಾರೋ ಒಬ್ಬರು ಗಟ್ಟಿಯಾಗಿ ಆ ಹೆಸರು ಹೇಳಿ, ಬೇರೆಯವರು ‘ನೀನೇ ತಗೋ’ ಅಂದ ಮೇಲೆ ತಿನ್ನುತ್ತಾರೆ.

ಹಾಲುಂಡೆ:
ನಮ್ಮ ಮನೆಯಲ್ಲಿ ಕೊನೆಯ ಹೋಳಿಗೆ ಹಾಗೇ ಉಳಿಯೋದು. ಹೆಸರು ಇಟ್ಟಿರಲಿಲ್ಲ ಅಷ್ಟೇ.

ಕೆಂಪುಗೂಳಿ:
ನಮ್ಮ ಮನೆಯಲ್ಲಿ ಉಳಿಯೋದೇ ಇಲ್ಲ. ಊಟಕ್ಕೆ ನಾಚಿಕೆ ಪಡಬಾರದು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ.

ಪದಕೋಶಪ್ರೇಮಿ:
ಅದಕ್ಕೂ ಸ್ಪ್ಯಾನಿಷ್ ಗಾದೆ ಇದೆ. ‘ಎಲ್ ಕೆ ತ್ಯೆನೆ ಬೆರ್ಗ್ವೆನ್ಸಾ, ನಿ ಕೋಮೆ ನಿ ಅಲ್ಮ್ವೆರ್ಸಾ.’ ನಾಚಿಕೆ ಇಟ್ಟುಕೊಂಡವನಿಗೆ ಊಟವೂ ಇಲ್ಲ, ತಿಂಡಿಯೂ ಇಲ್ಲ.

ತುಂಗಾತೀರ:
ಪೆನಾ ಅರ್ಥವಾಯಿತು, ಥ್ಯಾಂಕ್ಸ್. ಊರು ನೋಡಿ ಪದ ಆರಿಸಬೇಕು. ಆದರೆ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಅಶೇಮ್ಡ್ ಯಾವಾಗ, ಎಂಬರಾಸ್ಡ್ ಯಾವಾಗ, ಇದನ್ನು ಬೆರ್ಗ್ವೆನ್ಸಾ ಒಂದರಲ್ಲೇ ಹೇಗೆ ಹೇಳೋದು?

ಮಾತಿನಮಲ್ಲಿ:
ನಿಮ್ಮ ತೊಡಕು ಸ್ಪ್ಯಾನಿಷ್‌ನಲ್ಲಿ ಇಲ್ಲ, ಇಂಗ್ಲಿಷ್ ಮೂಲಕ ಹೋಗುತ್ತಿರೋದರಲ್ಲಿ ಇದೆ. ನಾನು ಎಷ್ಟೋ ಕಾಲದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ಕನ್ನಡದವರು ಸ್ಪ್ಯಾನಿಷ್ ಕಲಿಯುವಾಗ ಮಧ್ಯೆ ಇಂಗ್ಲಿಷ್ ತಂದುಕೊಂಡು ಸುಮ್ನೆ ಕಷ್ಟಪಡುತ್ತಾರೆ.

ನೋಡಿ. ಇಂಗ್ಲಿಷಿನಲ್ಲಿ ‘ಐ ಆಮ್ ಎಂಬರಾಸ್ಡ್’. ನಾನು ಹೀಗಿದ್ದೇನೆ ಅಂತ. ಸ್ಪ್ಯಾನಿಷ್‌ನಲ್ಲಿ ‘ಮೆ ದಾ ಬೆರ್ಗ್ವೆನ್ಸಾ’. ಆ ವಿಷಯ ನನಗೆ ನಾಚಿಕೆ ಕೊಡುತ್ತೆ ಅಂತ. ಕನ್ನಡದಲ್ಲಿ? ‘ನನಗೆ ನಾಚಿಕೆ ಆಗುತ್ತೆ.’ ಹಸಿವು, ಭಯ, ಸಿಟ್ಟು, ನಾಚಿಕೆ ಎಲ್ಲವೂ ನಮ್ಮಲ್ಲಿ ‘ನನಗೆ’ ಆಗೋದು, ಬರೋದು. ಸ್ಪ್ಯಾನಿಷ್‌ನ ‘ಮೆ’ ಅದೇ ‘ನನಗೆ’. ಇನ್ನೂ ಇದೆ. ನಮ್ಮಲ್ಲಿ ‘ನಾಚಿಕೆ ಆಗುತ್ತೆ’ ಬೇರೆ, ‘ನಾಚಿಕೆಪಡುತ್ತೇನೆ’ ಬೇರೆ. ಮೊದಲನೆಯದು ತಾನಾಗಿ ಬರೋದು, ಎರಡನೆಯದು ನಾನು ಹೊಣೆ ಹೊತ್ತು ಹೇಳೋದು. ಅಲ್ಲೂ ಅಷ್ಟೇ. ‘ಮೆ ದಾ ಬೆರ್ಗ್ವೆನ್ಸಾ ಕಂತಾರ್’ ಅಂದರೆ ನನಗೆ ಹಾಡೋಕೆ ನಾಚಿಕೆ. ‘ಮೆ ಅಬೆರ್ಗ್ವೆನ್ಸೊ ದೆ ಲೊ ಕೆ ಇಸೆ’ ಅಂದರೆ ಮಾಡಿದ್ದಕ್ಕೆ ನಾಚಿಕೆಪಡುತ್ತೇನೆ. ತುಂಗಾತೀರ ಅವರೇ, ಲಂಚದವನು ಎರಡನೆಯದು ಹೇಳಬೇಕು, ಲಾಲಿ ಹಾಡಿದವನಿಗೆ ಮೊದಲನೆಯದು ಸಾಕು. ಪದ ಒಂದೇ ಇರಲಿ, ಕ್ರಿಯಾಪದ ಕೆಲಸ ಮಾಡುತ್ತೆ.

ಕೆಂಪುಗೂಳಿ:
ಇದು ಸರಿಯಾಗಿದೆ. ನಮಗೆ ಯಾರೂ ಹೀಗೆ ಹೇಳಿಕೊಡಲಿಲ್ಲ.

ನೇತ್ರಾವತಿ_ದಂಡೆ:
ಮಲ್ಲಿ ಅವರೇ, ಪೂರ್ತಿ ಒಪ್ಪೋದಿಲ್ಲ. ‘ನನಗೆ’ ವಿಷಯ ಸರಿ. ಆದರೆ ಕನ್ನಡದಲ್ಲಿ ಪದ ಒಂದೇ ಅಲ್ಲ. ಮುಜುಗರ ಇದೆ, ಸಂಕೋಚ ಇದೆ, ಇರುಸುಮುರುಸು ಇದೆ, ಪೇಚಿಗೆ ಸಿಕ್ಕೋದು ಇದೆ, ಅವಮಾನ ಇದೆ. ಮೈಕ್ ಆನ್ ಇದ್ದಿದ್ದಕ್ಕೆ ನಾನು ಮುಜುಗರ ಆಯ್ತು ಅನ್ನುತ್ತೇನೆಯೇ ಹೊರತು ನಾಚಿಕೆ ಅನ್ನೋದಿಲ್ಲ. ಹಾಗೆ ನೋಡಿದರೆ ನಾವು ಇಂಗ್ಲಿಷಿಗೇ ಹತ್ತಿರ. ಎಲ್ಲ ಬಗೆಗೂ ಬೇರೆ ಬೇರೆ ಹೆಸರು ಇಟ್ಟುಕೊಂಡವರು ನಾವು. ಒಂದೇ ಪದದಲ್ಲಿ ಎಲ್ಲ ತುಂಬಿದವರು ಸ್ಪ್ಯಾನಿಷ್‌ನವರು.

ಮಾತಿನಮಲ್ಲಿ:
ಮುಜುಗರ ಬರವಣಿಗೆಯಲ್ಲಿ, ಟಿವಿಯಲ್ಲಿ ಜಾಸ್ತಿ. ಆಡುಮಾತಿನಲ್ಲಿ ನೋಡಿ. ‘ಅಯ್ಯೋ ಎಲ್ಲರ ಮುಂದೆ ಜಾರಿ ಬಿದ್ದೆ, ನಾಚಿಕೆ ಆಗಿಹೋಯ್ತು.’ ‘ಅಪ್ಪ ಅಮ್ಮನ್ನ ಹೀಗೆ ಬೀದಿಗೆ ತಂದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ?’ ‘ಹುಡುಗಿ ಹೆಸರೆತ್ತಿದ್ರೆ ಸಾಕು, ನಾಚ್ಕೋತಾನೆ.’ ಮೂರೂ ಕಡೆ ಒಂದೇ ಪದ. ಸ್ಪ್ಯಾನಿಷ್‌ನಲ್ಲೂ ಅಷ್ಟೇ. ‘ನಿನ್ಯೊ ಬೆರ್ಗೊನ್ಸೋಸೊ’ ಅಂದರೆ ನಾಚಿಕೆಯ ಹುಡುಗ. ‘ಆಕ್ತೊ ಬೆರ್ಗೊನ್ಸೋಸೊ’ ಅಂದರೆ ನಾಚಿಕೆಗೇಡಿನ ಕೆಲಸ. ಹುಡುಗನ ವಿಷಯವಾ, ಕೆಲಸದ ವಿಷಯವಾ ಅನ್ನೋದರಿಂದ ಅರ್ಥ ತಾನಾಗಿ ಬೇರೆಯಾಗುತ್ತೆ.

ನೇತ್ರಾವತಿ_ದಂಡೆ:
ನಮ್ಮ ಕಡೆ ಮಾತಲ್ಲೂ ಮುಜುಗರ ಅನ್ನುತ್ತಾರೆ. ನಿಮ್ಮ ಊರಿನದ್ದೇ ಕನ್ನಡ ಅಲ್ಲ.

ಮಾತಿನಮಲ್ಲಿ:
ಅದನ್ನು ಒಪ್ಪುತ್ತೇನೆ. ಆದರೂ ‘ನನಗೆ’ ಇಂದ ಶುರು ಮಾಡಿ ಅನ್ನೋ ನನ್ನ ಮಾತು ಬಿಡೋದಿಲ್ಲ.

ಚಾಕ್‌ಪೀಸ್:
ಇಂಗ್ಲಿಷ್ ಪಾಠ ಮಾಡುವವನು ನಾನು. ಇಂಗ್ಲಿಷಿನಲ್ಲಿ ಎಲ್ಲ ನೀಟಾಗಿ ಬೇರೆಬೇರೆ ಇದೆ ಅಂತ ಇಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೀರಿ. ಮಾಮೂಲಿ ಲೆಕ್ಕ ಇಷ್ಟು: ತಪ್ಪು ಮಾಡಿ ನನ್ನ ಬಗ್ಗೆ ನನಗೇ ಕೆಟ್ಟದೆನಿಸಿದರೆ ಅಶೇಮ್ಡ್, ನಾಲ್ಕು ಜನರ ಮುಂದೆ ಎಡವಟ್ಟಾದರೆ ಎಂಬರಾಸ್ಡ್. ಒಂಟಿಯಾಗಿದ್ದಾಗಲೂ ಅಶೇಮ್ಡ್ ಆಗಬಹುದು, ಎಂಬರಾಸ್ಡ್ ಆಗೋಕೆ ಸಾಮಾನ್ಯವಾಗಿ ನೋಡುವ ಕಣ್ಣು ಬೇಕು. ಆದರೆ ‘ವಾಟ್ ಎ ಶೇಮ್’ ತಗೊಳ್ಳಿ. ಅಲ್ಲಿ ನಾಚಿಕೆ ಎಲ್ಲಿದೆ? ಮಳೆ ಬಂದು ಮ್ಯಾಚ್ ನಿಂತರೂ ವಾಟ್ ಎ ಶೇಮ್, ಗೆಳತಿ ಮದುವೆಗೆ ಬರೋಕಾಗದಿದ್ದರೂ ವಾಟ್ ಎ ಶೇಮ್. ಛೇ, ಹಾಗಾಗಬಾರದಿತ್ತು ಅಂತಷ್ಟೇ. ಅದೇ ‘ಶೇಮ್!’ ಅಂತ ಬ್ರಿಟಿಷ್ ಪಾರ್ಲಿಮೆಂಟಲ್ಲಿ ಕೂಗಿದರೆ ಧಿಕ್ಕಾರ. ದಕ್ಷಿಣ ಆಫ್ರಿಕಾದವರು ಪುಟ್ಟ ಮಗು ಕಂಡರೂ ಮುದ್ದಿನಿಂದ ‘ಶೇಮ್’ ಅನ್ನುತ್ತಾರೆ.

ಗಮನಿಸಿ, ಇಂಗ್ಲಿಷಿನಲ್ಲಿ ನಾಚಿಕೆಯ ಪದ ಮರುಕದ ಕಡೆ ನಡೆಯಿತು. ಮೆಕ್ಸಿಕೋ, ಕೊಲಂಬಿಯಾದಲ್ಲಿ ದುಃಖ, ಮರುಕದ ಪದವಾದ ಪೆನಾ ನಾಚಿಕೆಯ ಕಡೆ ನಡೆಯಿತು. ಈ ಎರಡು ಭಾವಗಳ ನಡುವೆ ಏನೋ ದಾರಿ ಇರಲೇಬೇಕು ಅಂತ ನನಗನಿಸುತ್ತೆ.

ಹಾಲುಂಡೆ:
ನಮ್ಮ ಸ್ಕೂಲಲ್ಲಿ ‘ಶೇಮ್ ಶೇಮ್ ಪಪ್ಪಿ ಶೇಮ್’ ಅಂತ ಇತ್ತು. ಅದು ಯಾವ ಲೆಕ್ಕಕ್ಕೆ?

ಚಾಕ್‌ಪೀಸ್:
ಅದು ನಮ್ಮ ದೇಶದ ಇಂಗ್ಲಿಷ್. ಚಡ್ಡಿ ಜಾರಿದ ಮಗುವನ್ನು ಸುತ್ತ ನಿಂತು ರೇಗಿಸೋದು. ನನಗೆ ಅದು ಸ್ವಲ್ಪವೂ ಹಿಡಿಸೋದಿಲ್ಲ. ಮಗುವಿಗೆ ಅದು ಆಟ ಅನಿಸೋದಿಲ್ಲ. ನನ್ನ ಕ್ಲಾಸಲ್ಲಿ ಯಾರಾದರೂ ಶುರು ಮಾಡಿದರೆ ಅಲ್ಲೇ ನಿಲ್ಲಿಸುತ್ತೇನೆ. ಇಂಗ್ಲಿಷ್ ತಪ್ಪಾಡಿದವರನ್ನು ನೋಡಿ ಉಳಿದವರು ನಗೋದೂ ಅದೇ ಜಾತಿ. ಹಾಗೆ ನಗಿಸಿಕೊಂಡ ಹುಡುಗಿ ಆಮೇಲೆ ವರ್ಷವಿಡೀ ಬಾಯಿ ಬಿಡೋದಿಲ್ಲ, ಕಣ್ಣಾರೆ ನೋಡಿದ್ದೇನೆ.

ಅಡಿಕೆಮರ:
ನೂರಕ್ಕೆ ನೂರು ನಿಜ.

ಗ್ವಾದಲಹಾರಾ_ಡೈರಿ:
ಮುಖದ ಮಾತುಗಳು ಕನ್ನಡಕ್ಕೂ ಸ್ಪ್ಯಾನಿಷ್‌ಗೂ ಎಷ್ಟು ಹತ್ತಿರ ಅಂದರೆ ಆಶ್ಚರ್ಯ ಆಗುತ್ತೆ. ‘ಯಾವ ಮುಖ ಇಟ್ಕೊಂಡು ಬಂದೆ?’ ಅನ್ನೋದಕ್ಕೆ ‘ಕೊನ್ ಕೆ ಕಾರಾ’ ಅಂತ ಶುರು ಮಾಡುತ್ತಾರೆ. ಯಾವ ಮುಖದಿಂದ ಅಂತ. ತುಂಬಾ ನಾಚಿಕೆಯಾದರೆ ‘ಸೆ ಮೆ ಕಾಎ ಲಾ ಕಾರಾ ದೆ ಬೆರ್ಗ್ವೆನ್ಸಾ’, ನಾಚಿಕೆಯಿಂದ ಮುಖ ಕಳಚಿ ಬೀಳುತ್ತಿದೆ ಅಂತ. ನಾಚಿಕೆಗೆಟ್ಟವನು ‘ಸಿನ್‌ಬೆರ್ಗ್ವೆನ್ಸಾ’. ‘ಸಿನ್’ ಅಂದರೆ ಇಲ್ಲದ. ಅಕ್ಷರಶಃ ನಾಚಿಕೆ ಇಲ್ಲದವನು. ಆದರೆ ಅಜ್ಜಿಯಂದಿರು ತುಂಟ ಮೊಮ್ಮಗನಿಗೂ ಪ್ರೀತಿಯಿಂದ ಅದನ್ನೇ ಅನ್ನುತ್ತಾರೆ. ನಮ್ಮಲ್ಲಿ ‘ಕಳ್ಳ’ ಅಂತ ಮುದ್ದು ಮಾಡೋದಿಲ್ವಾ?

ಇನ್ನೊಂದು, ‘ತ್ಯೆರ್ರಾ ತ್ರಾಗಮೆ’. ಭೂಮಿಯೇ, ನನ್ನನ್ನು ನುಂಗು. ಮೆಕ್ಸಿಕೋದಲ್ಲಿ ತಿರುಗಿಸಿ ‘ತ್ರಾಗಮೆ ತ್ಯೆರ್ರಾ’ ಅನ್ನೋದೇ ಹೆಚ್ಚು. ಪಾರ್ಟಿಯಲ್ಲಿ ಹಳೇ ಗೆಳತಿ ಎದುರಿಗೆ ಬಂದರೆ ಸಾಕು, ಇದು ಬಾಯಿಗೆ ಬರುತ್ತೆ.

ಕೆಂಪುಗೂಳಿ:
‘ಭೂಮಿ ಬಾಯಿ ಬಿಟ್ಟು ನುಂಗಬಾರದಾ’ ಅಂತ ನಮ್ಮಲ್ಲೂ ಇದೆಯಲ್ಲ. ಸೀತೆಯಿಂದ ಬಂದ ಮಾತು.

ನೇತ್ರಾವತಿ_ದಂಡೆ:
ಸೀತೆ ನಾಚಿಕೆಯಿಂದ ಭೂಮಿ ಸೇರಲಿಲ್ಲ. ಮತ್ತೆ ಮತ್ತೆ ಪರೀಕ್ಷೆ ಕೇಳಿದ್ದಕ್ಕೆ ಸಾಕಾಗಿ ತಾಯಿಯ ಮಡಿಲಿಗೆ ಹೋದಳು. ನಾಚಿಕೆ ಪಡಬೇಕಾದವರು ಕೇಳಿದವರು. ಎರಡನ್ನೂ ಸೇರಿಸಬೇಡಿ.

ಕೆಂಪುಗೂಳಿ:
ನಾನು ಮಾತು ಎಲ್ಲಿಂದ ಬಂತು ಅಂದೆ, ಯಾರು ಸರಿ ಅಂತ ಹೇಳಲಿಲ್ಲ.

ನೇತ್ರಾವತಿ_ದಂಡೆ:
ಅದೂ ಗೊತ್ತಿಲ್ಲದೆ ಹೇಳಬೇಡಿ. ಇಂಗ್ಲಿಷರೂ ನೆಲ ನುಂಗಬಾರದಾ ಅನ್ನುತ್ತಾರೆ, ಅವರಿಗೂ ಸೀತೆಯಿಂದ ಬಂತಾ? ಮುಖ ಮುಚ್ಚಿಕೊಳ್ಳಬೇಕು ಅನಿಸಿದಾಗ ಮನುಷ್ಯರಿಗೆ ಎಲ್ಲ ಕಡೆ ಹೊಳೆಯೋದು ಅದೇ.

ಸಿನಿಮಾಹುಚ್ಚಿ:
ವಿಷಯ ಬದಲಿಸುತ್ತೇನೆ. ಬೇರೆಯವರು ಸ್ಟೇಜ್ ಮೇಲೆ ಅಪಸ್ವರದಲ್ಲಿ ಹಾಡುತ್ತಿರುವಾಗ ಕೆಳಗೆ ಕೂತ ನಮಗೆ ನಾಚಿಕೆ ಆಗುತ್ತಲ್ಲ, ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಏನೋ ಇದೆ ಅಂತ ಓದಿದ ನೆನಪು.

ಮ್ಯಾಡ್ರಿಡ್_ಮೇಘನಾ:
‘ಬೆರ್ಗ್ವೆನ್ಥಾ ಅಹೇನಾ’. ಪರರ ನಾಚಿಕೆ. ಇಲ್ಲಿ ದಿನಬಳಕೆಯ ಮಾತು. ಮದುವೆಯಲ್ಲಿ ಯಾರದೋ ಮಾವ ಮೈಕ್ ಹಿಡಿದು ಬಿಡದೇ ಇದ್ದಾಗ, ಎಲ್ಲ ಟೇಬಲ್ಲಿನವರೂ ಒಬ್ಬರ ಮುಖ ಒಬ್ಬರು ನೋಡಿ ಇದನ್ನೇ ಅನ್ನುತ್ತಾರೆ. ಜರ್ಮನ್‌ನಲ್ಲಿ, ಫಿನ್ನಿಷ್‌ನಲ್ಲಿ ಕೂಡ ಇದಕ್ಕೇ ಅಂತ ಪದ ಇದೆ. ಇಂಗ್ಲಿಷಿನಲ್ಲಿ ಸೆಕೆಂಡ್‌ಹ್ಯಾಂಡ್ ಎಂಬರಾಸ್‌ಮೆಂಟ್ ಅಂತ ಹೇಳುತ್ತಾರೆ, ಈಗೀಗ ಕ್ರಿಂಜ್. ಕನ್ನಡದಲ್ಲಿ ‘ನೋಡೋರಿಗೇ ನಾಚಿಕೆ ಆಗುತ್ತೆ’ ಅನ್ನುತ್ತೇವೆ, ಅದು ಎಷ್ಟೋ ಸರಿಹೊಂದುತ್ತೆ. ಸ್ಪೇನ್‌ನ ಹುಡುಗರೂ ‘ಕೆ ಕ್ರಿಂಜ್’ ಅಂತ ಶುರು ಮಾಡಿದ್ದಾರೆ. ಅದರ ಜೊತೆಗೆ ಇನ್ನೊಂದು ಕೇಳಿದ್ದೇನೆ, ‘ಕೆ ಲಾಚೆ’, ‘ಮೆ ದಾ ಲಾಚೆ’. ಎಲ್ಲಿಂದ ಬಂತೋ.

ಪದಕೋಶಪ್ರೇಮಿ:
ಮೇಘನಾ ಅವರೇ, ಇದನ್ನು ಯಾರಾದರೂ ಎತ್ತಲಿ ಅಂತ ಕಾಯುತ್ತಿದ್ದೆ! ಅದು ‘ಲಾಚಾ’. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟಿನಲ್ಲೇ ಇದೆ, ಅರ್ಥ ಬೆರ್ಗ್ವೆನ್ಸಾ, ಮಾನ. ಮೂಲ ‘ಕಾಲೋ’ ಅಂತಲೂ ಬರೆದಿದ್ದಾರೆ. ಕಾಲೋ ಅಂದರೆ ಸ್ಪೇನ್‌ನ ರೋಮಾ (ಜಿಪ್ಸಿ) ಜನರ ಮಾತು. ಈ ರೋಮಾ ಜನರ ಹಿರಿಯರು ಭಾರತದಿಂದ ಪಶ್ಚಿಮಕ್ಕೆ ಹೋದವರು. 1425ರಲ್ಲಿ ಈಗಿನ ಸ್ಪೇನ್‌ನ ಭಾಗವಾದ ಅರಗೋನ್‌ನ ರಾಜ 5ನೇ ಅಲ್ಫೊನ್ಸೊ ಅವರ ಒಂದು ಗುಂಪಿಗೆ ರಹದಾರಿ ಕೊಟ್ಟ ಕಾಗದ ಇದೆ. ಅವರ ಭಾಷೆಯಲ್ಲಿ ನಾಚಿಕೆಗೆ ‘ಲಜ್’. ಸಂಸ್ಕೃತದ ಲಜ್ಜಾ! ನಮ್ಮ ಲಜ್ಜೆಯೂ ಅದೇ. ಅಂದರೆ ಮ್ಯಾಡ್ರಿಡ್‌ನ ಹುಡುಗಿ ‘ಮೆ ದಾ ಲಾಚೆ’ ಅಂದಾಗ, ನಾವು ‘ಲಜ್ಜೆಗೆಟ್ಟವನು’ ಅಂದಾಗ, ಎರಡೂ ಬಾಯಲ್ಲಿ ಒಂದೇ ಹಳೇ ಪದ.

ಕೆಂಪುಗೂಳಿ:
ಎಲ್ಲವೂ ಸಂಸ್ಕೃತದಿಂದ ಬಂತು ಅನ್ನೋ ವಾಟ್ಸಾಪ್ ಫಾರ್ವರ್ಡ್‌ಗಳು ಸಾಕಾಗಿವೆ. ಲಾಚಾ, ಲಜ್ಜಾ ಕೇಳೋಕೆ ಒಂದೇ ಥರ ಇದ್ದರೆ ಆಯ್ತಾ?

ಪದಕೋಶಪ್ರೇಮಿ:
ಅನುಮಾನ ಒಳ್ಳೆಯದೇ. ಆದರೆ ಇದು ಒಂದು ಪದದ ಮೇಲೆ ನಿಂತಿಲ್ಲ. ರೋಮಾ ಮಾತಿನಲ್ಲಿ ನೀರಿಗೆ ‘ಪಾನಿ’. ಎರಡಕ್ಕೆ ‘ದುಯಿ’, ಐದಕ್ಕೆ ‘ಪಂಜ್’. ಒಂದು ಪದ ಆಕಸ್ಮಿಕವಾಗಿ ಹೊಂದಬಹುದು. ಎಣಿಕೆ, ನೀರು, ಮೈಯ ಭಾಗಗಳು, ವ್ಯಾಕರಣ ಎಲ್ಲವೂ ಹೊಂದೋದಿಲ್ಲ. 18ನೇ ಶತಮಾನದ ಕೊನೆಯಿಂದ ಭಾಷಾವಿಜ್ಞಾನಿಗಳು ಇದನ್ನು ನೋಡುತ್ತಾ ಬಂದಿದ್ದಾರೆ. ಇನ್ನು ಸ್ಪೇನ್‌ನಲ್ಲಿ ಹುಡುಗನಿಗೆ ‘ಚವಾಲ್’ ಅನ್ನುತ್ತಾರಲ್ಲ, ಅದೂ ಆ ಜನರಿಂದಲೇ ಬಂದಿದ್ದು. ಬೆರ್ಗ್ವೆನ್ಸಾಗೆ ಮಾತ್ರ ಸಂಸ್ಕೃತದ ನಂಟು ಹಚ್ಚಬೇಡಿ, ಅದು ಲ್ಯಾಟಿನ್‌ನ ‘ವೆರೆಕುಂಡಿಯಾ’. ಮತ್ತೆ ನಮ್ಮ ನಾಚಿಕೆ ಅಚ್ಚ ದ್ರಾವಿಡ, ಹಳಗನ್ನಡದ ‘ನಾಣ್’, ತಮಿಳು ಮಲಯಾಳದ ‘ನಾಣಂ’ ಇವೆಲ್ಲ ಅದರ ನೆಂಟರು.

ಮಂಗಳೂರು_ಮೀನು:
ನಮ್ಮ ಕೊಂಕಣಿಯಲ್ಲಿ ನಾಚಿಕೆಗೆ ‘ಲಜ್’ ಅಂತಲೇ. ಅಜ್ಜಿ ಬೈಯೋದು ಅದೇ ಪದದಲ್ಲಿ. ಸ್ಪೇನ್‌ನ ಬೀದಿಯಲ್ಲೂ ಅದರ ನೆಂಟ ಓಡಾಡುತ್ತಿದೆ ಅಂದರೆ ಮೈ ಜುಮ್ಮೆನ್ನುತ್ತೆ.

ಕೆಂಪುಗೂಳಿ:
ಎಣಿಕೆಯ ಮಾತು ಬಂದ ಮೇಲೆ ನಾನು ಏನೂ ಹೇಳೋಕಾಗಲ್ಲ. ಆದರೆ ಈ ರೋಮಾ ಜನರನ್ನು ಅಲ್ಲಿ ಹೇಗೆ ನೋಡುತ್ತಾರೆ?

ಮ್ಯಾಡ್ರಿಡ್_ಮೇಘನಾ:
ಚೆನ್ನಾಗಿ ನೋಡುತ್ತಾರೆ ಅಂತ ಹೇಳೋಕಾಗದು. 1749ರಲ್ಲಿ ರಾಜನ ಅಪ್ಪಣೆಯ ಮೇಲೆ ಸಾವಿರಾರು ಜನರನ್ನು ಒಟ್ಟಿಗೆ ಹಿಡಿದು ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ ಕೂಡಿಹಾಕಿದ ಚರಿತ್ರೆ ಇದೆ. ಇವತ್ತಿಗೂ ಬಾಡಿಗೆ ಮನೆ ಕೇಳಿದರೆ ಬಾಗಿಲು ಹಾಕುವವರು ಇದ್ದಾರೆ. ಅವರ ಫ್ಲಮೆಂಕೊ ಹಾಡು-ಕುಣಿತ ಬೇಕು, ಅವರ ಪದಗಳು ಬೇಕು, ನೆರೆಮನೆಗೆ ಅವರು ಬೇಡ. ಇದಕ್ಕೆ ನಾಚಿಕೆಗೇಡು ಅನ್ನೋದು ಸರಿಯಾದ ಪದ.

ಚಾಕ್‌ಪೀಸ್:
ಬೆರ್ಗ್ವೆನ್ಸಾ ಅಂದರೆ ಬರೀ ಕೆಟ್ಟ ಅನುಭವ ಅಲ್ಲ, ಅದು ಒಂದು ಗುಣ ಕೂಡ. ಜೂಲಿಯನ್ ಪಿಟ್-ರಿವರ್ಸ್ ಅಂತ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ದಕ್ಷಿಣ ಸ್ಪೇನ್‌ನ ಗ್ರಾಸಲೇಮಾ ಅನ್ನೋ ಬೆಟ್ಟದ ಊರಿನಲ್ಲಿದ್ದು 1954ರಲ್ಲಿ ಪುಸ್ತಕ ಬರೆದ. ಆ ಊರಿನವರಿಗೆ ಬೆರ್ಗ್ವೆನ್ಸಾ ಇರೋದು ಒಳ್ಳೆಯ ಮನುಷ್ಯನ ಲಕ್ಷಣ, ಅದು ಇಲ್ಲ ಅನಿಸಿಕೊಳ್ಳೋದು ದೊಡ್ಡ ಬೈಗುಳ ಅಂತ ಅದರಲ್ಲಿ ವಿವರ ಇದೆ. ನಮ್ಮ ‘ಮಾನ ಮರ್ಯಾದೆ ಇರೋರು’ ಅನ್ನೋ ಮಾತಿನ ಹಾಗೆ. ಇಂಗ್ಲಿಷಿನ ಎಂಬರಾಸ್‌ಮೆಂಟ್ ಯಾರ ಗುಣವೂ ಅಲ್ಲ, ಆಗಿ ಹೋಗೋ ಪ್ರಸಂಗ ಅಷ್ಟೇ.

ಅಡಿಕೆಮರ:
ಅದಕ್ಕೇ ‘ಮೂರೂ ಬಿಟ್ಟವರು ಊರಿಗೆ ದೊಡ್ಡವರು’ ಅನ್ನೋದು.

ನೇತ್ರಾವತಿ_ದಂಡೆ:
ಆ ಗುಣವನ್ನು ಹೆಂಗಸರ ತಲೆಗೆ ಜಾಸ್ತಿ ಕಟ್ಟಿದ್ದಾರೆ, ಅಲ್ಲೂ ಇಲ್ಲೂ. ಗಂಡಸು ಮಾನ ಕಾಪಾಡೋದು ಅಂದರೆ ಜಗಳ, ಹೆಂಗಸು ಕಾಪಾಡೋದು ಅಂದರೆ ತಲೆ ತಗ್ಗಿಸೋದು. ಇದನ್ನು ಬಿಟ್ಟು ಬರೀ ಪದ ಚೆಂದ ಅಂತ ಹೊಗಳೋಕೆ ನನಗಾಗದು.

ಸಿನಿಮಾಹುಚ್ಚಿ:
+1. ಜೊತೆಗೆ ಕೆನ್ನೆ ಕೆಂಪಾಗೋದು ನೋಡಿ. ಸ್ಪ್ಯಾನಿಷ್‌ನಲ್ಲೂ ಇಂಗ್ಲಿಷಿನಲ್ಲೂ ನಾಚಿಕೆ, ಅವಮಾನ, ಸುಳ್ಳು ಸಿಕ್ಕಿಬಿದ್ದಿದ್ದು ಎಲ್ಲಕ್ಕೂ ಮುಖ ಕೆಂಪಾಗುತ್ತೆ. ನಮ್ಮಲ್ಲಿ ಕೆನ್ನೆ ಕೆಂಪಾಗೋದು ಮದುಮಗಳಿಗೆ ಮಾತ್ರ. ತಪ್ಪು ಮಾಡಿದವರು ತಲೆ ತಗ್ಗಿಸುತ್ತಾರೆ, ಮುಖ ಸಣ್ಣದಾಗುತ್ತೆ.

ಪದಕೋಶಪ್ರೇಮಿ:
ಡಾರ್ವಿನ್‌ಗೂ ಈ ಪ್ರಶ್ನೆ ಇತ್ತು. ಮೈಬಣ್ಣ ಕಪ್ಪಿದ್ದವರೂ ಕೆಂಪಾಗುತ್ತಾರಾ ಅಂತ 1867ರ ಸುಮಾರಿಗೆ ಪ್ರಶ್ನೆಪಟ್ಟಿ ಮಾಡಿ ಬೇರೆ ಬೇರೆ ದೇಶಗಳಿಗೆ ಕಳಿಸಿದ. ಕಲ್ಕತ್ತಾದ ಸಸ್ಯೋದ್ಯಾನದಲ್ಲಿದ್ದವರಿಂದಲೂ ಉತ್ತರ ತರಿಸಿಕೊಂಡ. 1872ರ ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ ಮುಖ ಕೆಂಪೇರೋದರ ಬಗ್ಗೆಯೇ ಇದೆ. ರಕ್ತ ಎಲ್ಲರಿಗೂ ಏರುತ್ತೆ, ಕಣ್ಣಿಗೆ ಕಾಣೋದು ಮಾತ್ರ ಬೇರೆ ಬೇರೆ.

ಅಡಿಕೆಮರ:
ಮೋಸದ ಪದ ಇನ್ನೊಂದಿದೆ, ‘ಕೊನ್ಸ್ತಿಪಾದೊ’. ಸ್ಪೇನ್‌ನಲ್ಲಿ ನೆಗಡಿ ಆಗಿದೆ ಅಂತ ಅರ್ಥ, ಇಂಗ್ಲಿಷಿನ ಕಾನ್‌ಸ್ಟಿಪೇಟೆಡ್ ಥರ ಮಲಬದ್ಧತೆ ಅಲ್ಲ. ಮೆಡಿಕಲ್ ಶಾಪಿಗೆ ಹೋಗುವವರು ನೆನಪಿಡಿ.

ತುಂಗಾತೀರ:
ಇಷ್ಟೆಲ್ಲ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಕೊನೆಗೆ ಒಂದು ಕೆಲಸದ ಪ್ರಶ್ನೆ. ರಿಪೋರ್ಟ್ ತಡವಾದರೆ ಬೊಗೊಟಾದವರಿಗೆ, ಮ್ಯಾಡ್ರಿಡ್‌ನವರಿಗೆ ಮೇಲ್ ಹೇಗೆ ಶುರು ಮಾಡಲಿ? ಮತ್ತೆ ಬೆರ್ಗ್ವೆನ್ಸಾದಲ್ಲಿ (vergüenza) ಯು ಮೇಲೆ ಎರಡು ಚುಕ್ಕೆ ಹಾಕಲೇಬೇಕಾ?

ಗ್ವಾದಲಹಾರಾ_ಡೈರಿ:
ಹಾಕಲೇಬೇಕು. ಇಲ್ಲದಿದ್ದರೆ ‘ಬೆರ್ಗೆನ್ಸಾ’ ಅಂತ ಓದಬೇಕಾಗುತ್ತೆ. ‘ಗ್ವೆ’ ಬರೋಕೆ ಆ ಚುಕ್ಕೆಗಳೇ ಕಾರಣ. ಆದರೆ ‘ಅಬೆರ್ಗೊನ್ಸಾದೊ’ (ನಾಚಿಕೆಗೊಂಡವನು) ಅನ್ನೋದಕ್ಕೆ ಚುಕ್ಕೆ ಇಲ್ಲ, ಅಲ್ಲಿ ‘ಗೊ’ ಇದೆ. ಮೊದಲಕ್ಷರ ಬರೆಯೋದು ವಿ, ಹೇಳೋದು ಬ.

ಬೊಗೊಟಾಕ್ಕೆ: ‘ಕೆ ಪೆನಾ ಕೊನ್ ಉಸ್ತೆದೆಸ್ ಪೋರ್ ಲಾ ದೆಮೋರಾ.’ ತಡವಾಗಿದ್ದಕ್ಕೆ ಕ್ಷಮಿಸಿ ಅಂತಲೇ ಅವರಿಗೆ ಕೇಳಿಸುತ್ತೆ, ಬಹಳ ಮರ್ಯಾದೆಯ ಮಾತು.

ಮ್ಯಾಡ್ರಿಡ್_ಮೇಘನಾ:
ಮ್ಯಾಡ್ರಿಡ್‌ಗೆ ‘ಪೆರ್ದೊನಾದ್ ಎಲ್ ರೆತ್ರಾಸೊ’ ಸಾಕು. ನಾಚಿಕೆ, ಪೆನಾ ಯಾವುದನ್ನೂ ತರಬೇಡಿ. ಇಬ್ಬರಿಗೂ ಒಂದೇ ಮೇಲ್ ಹೋಗೋದಾದರೆ ‘ಪೆರ್ದೋನ್ ಪೋರ್ ಲಾ ದೆಮೋರಾ’. ಎಲ್ಲ ಕಡೆ ನಡೆಯುತ್ತೆ.

ಮಾತಿನಮಲ್ಲಿ:
ನಿಜಕ್ಕೂ ದೊಡ್ಡ ತಪ್ಪು ಆಗಿದ್ದರೆ ಮಾತ್ರ ‘ಎಸ್ತೊಯ್ ಅಬೆರ್ಗೊನ್ಸಾದೊ’. ಹೆಂಗಸರಾದರೆ ‘ಅಬೆರ್ಗೊನ್ಸಾದಾ’. ಒಂದು ದಿನದ ತಡಕ್ಕೆ ಅದು ಅತಿಯಾಯಿತು.

ಹಾಲುಂಡೆ:
ಬ್ರೆಜಿಲ್‌ನವರ ಜೊತೆ ಕೆಲಸ ಮಾಡುವವರು ಇದ್ದೀರಾ? ಪೋರ್ಚುಗೀಸ್‌ನಲ್ಲೂ ಆ ಬಸುರಿ ಪದ ಹಾಗೇನಾ?

ಮಂಗಳೂರು_ಮೀನು:
ಇಲ್ಲ, ಪೋರ್ಚುಗೀಸ್‌ನಲ್ಲಿ ‘ಎಂಬರಸಾದಾ’ ಅಂದರೆ ಮುಜುಗರವಾದವಳು ಅಥವಾ ಸಿಕ್ಕು ಬಿದ್ದದ್ದು ಅಂತಲೇ. ಬಸುರಿಗೆ ‘ಗ್ರಾವಿದಾ’. ನಾಚಿಕೆಗೆ ‘ವೆರ್ಗೊನ್ಯಾ’, ಪರರ ನಾಚಿಕೆಗೆ ‘ವೆರ್ಗೊನ್ಯಾ ಅಲ್ಯೆಯಾ’. ಬ್ರೆಜಿಲ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನನ್ನ ಹತ್ತಿರ ಹೇಳೋದು ತುಂಬಾ ಇದೆ.